ಮುಚ್ಚಿದ ಘಟ್ಟದ ದಾರಿ

ಖಾನಾಪುರ ತಾಲೂಕಿನ ಭೀಮಗಡದ ಅರಣ್ಯದಲ್ಲಿ ಉದ್ಭವಿಸುವ ಮಹದಾಯಿ ಗೋವೆಯಲ್ಲಿ ಮಾಂಡವಿ ಎನಿಸಿಕೊಂಡು ಸಮುದ್ರವನ್ನು ಸೇರುತ್ತದೆ. ನಮ್ಮ ಕಡೆಯ ಜನರೂ ಬಹುಕಾಲ ಅದೇ ದಿಕ್ಕಿನಲ್ಲಿ ಹೋಗಿಬರುತ್ತಿದ್ದರು. ಘಟ್ಟದ ಕೆಳಗಿನಿಂದ ತೆಂಗು, ಉಪ್ಪು ಬಂದರೆ ಬೆಳಗಾವಿ ಸೀಮೆಯಿಂದ ಅಕ್ಕಿ, ಕಾಯಿಪಲ್ಯೆ ಇಳಿಯುತ್ತಿದ್ದವು. ಹೆಣ್ಣು ಕೊಟ್ಟು ತರುವ ಸಂಬಂಧವೂ ಇತ್ತು.

1947ರ ನಂತರವೂ ಪೋರ್ತುಗೀಜರು ಗೋವೆಯನ್ನು ಬಿಡಲಿಲ್ಲ. 1954ರಲ್ಲಿ ಭಾರತ ಸರ್ಕಾರವು ಆರ್ಥಿಕ ನಿರ್ಬಂಧಗಳನ್ನು ವಿಧಿಸಿತು. ಪ್ರಯಾಣಕ್ಕೆ ಅನುಮತಿ ಪತ್ರ ಬೇಕಾಯಿತು. 1955ರ ಆಗಸ್ಟ್ 15ರಂದು ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದ ಮೇಲೆ, ಲೋಂಡಾದಿಂದ ಕ್ಯಾಸಲ್‌ರಾಕ್ ಮಾರ್ಗವಾಗಿ ಮರ್ಮಗೋವೆಗೆ ಹೋಗುತ್ತಿದ್ದ ರೈಲು ಸಂಚಾರವೇ ನಿಂತಿತು.

ಯುದ್ಧಕ್ಕಿಂತ ದಿಗ್ಬಂಧನ ಮೇಲೆಂದು ದಿಲ್ಲಿಯವರು ಭಾವಿಸಿದ್ದರು. ಹಿಂಸೆಯನ್ನು ತಪ್ಪಿಸುವ ಆ ಉದ್ದೇಶ ಶ್ಲಾಘ್ಯವೇ. ಆದರೆ ಅದರ ಭಾರ ಬಿದ್ದದ್ದು ಯಾರ ಹೆಗಲಿಗೆ? ಪೋರ್ತುಗೀಜ್ ಆಡಳಿತವು ಹಾಲೆಂಡಿನಿಂದ ಆಲೂಗಡ್ಡೆಯನ್ನು ತರಿಸಿಕೊಂಡಿತು, ಕಬ್ಬಿಣದ ಅದಿರನ್ನು ಮಾರಿ ಬೊಕ್ಕಸ ತುಂಬಿಕೊಂಡಿತು. ಮುಂಬಯಿಯಲ್ಲಿ ದುಡಿಯುವ ಮಗನ ಹಣವನ್ನೇ ನೆಚ್ಚಿದ್ದ ಗೋವೆಯ ತಾಯಿಗೆ ಮಾತ್ರ ಅದು ಬಾರದಾಯಿತು. ಗಡಿಯಾಚೆ ಕೊಟ್ಟ ಮಗಳ ಬಾಣಂತನಕ್ಕೂ ಕಚೇರಿಯ ಅಪ್ಪಣೆ ಬೇಕಾಯಿತು. ಮರಣವಾದರೋ, ಅಪ್ಪಣೆ ಕೈಸೇರುವವರೆಗೆ ಶವ ಕಾಯುವುದಿಲ್ಲ.

ವ್ಯಾಪಾರಿಗಳಾದ ನಾವು ಇಲ್ಲಿ ಇನ್ನೊಂದನ್ನು ಗಮನಿಸಬೇಕು. ಉಮಾಸ್ವಾಮಿಗಳು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು ಎಣಿಸಿದ್ದಾರೆ. ರಾಜ್ಯದ ನಿರ್ಬಂಧವನ್ನು ಮೀರಿ ಕಳ್ಳಸಾಗಣೆಯಿಂದ ಲಾಭ ಮಾಡುವುದು ದೋಷವೇ, ಅದರಲ್ಲಿ ಸಂದೇಹವಿಲ್ಲ. ಆದರೆ ರೋಗಿಯಾದ ತಂದೆಯನ್ನು ನೋಡಲು ರಾತ್ರಿ ಕಾಡುದಾರಿ ಹಿಡಿದವನನ್ನು ಚಿನ್ನ ಸಾಗಿಸುವವನ ಸಾಲಿನಲ್ಲಿ ನಿಲ್ಲಿಸಲು ನನ್ನ ಮನಸ್ಸು ಒಪ್ಪದು. ಆ ಅತಿಚಾರವನ್ನು ಹೇಳಿರುವುದು ಕಳವಿನ ಪ್ರಕರಣದಲ್ಲಿ. ಇವನು ಯಾರದನ್ನು ಕದ್ದ? ಶ್ರಾವಕನ ದಿಗ್ವ್ರತವೂ ಸಂಚಾರಕ್ಕೆ ಮಿತಿ ಹಾಕುತ್ತದೆ, ನಿಜ. ಆದರೆ ಆ ಗೆರೆಯನ್ನು ಎಳೆದುಕೊಳ್ಳುವವನು ತಾನೇ.

ಕೊನೆಗೆ ಯುದ್ಧವೂ ತಪ್ಪಲಿಲ್ಲ. 1961ರ ಡಿಸೆಂಬರಿನಲ್ಲಿ ಬೆಳಗಾವಿಯ ಕಡೆಯಿಂದಲೇ ಸೈನ್ಯ ಸಾಗಿ, 19ರಂದು ಗೋವೆ ವಿಮೋಚನೆಗೊಂಡಿತು. 1962ರ ಪೌರತ್ವ ಆದೇಶವು ಅಲ್ಲಿ ಜನಿಸಿದವರನ್ನು ಭಾರತೀಯ ಪೌರರನ್ನಾಗಿ ಮಾಡಿತು. ಹಳೆಯ ಪೌರತ್ವವನ್ನೇ ಉಳಿಸಿಕೊಳ್ಳಬಯಸುವವರು ಒಂದು ತಿಂಗಳೊಳಗೆ ಬರೆದುಕೊಡಬೇಕಿತ್ತು. ಏಳು ವರ್ಷ ಅಗಲಿದ್ದ ಕುಟುಂಬಗಳಿಗೆ ಕೂಡಿ ಕುಳಿತು ವಿಚಾರಿಸಲು ಸಿಕ್ಕ ಅವಧಿ ಅಷ್ಟೇ.