ಬಡಗಿಯ ಬೆಲೆಪಟ್ಟಿ ಮತ್ತು ಎಫೆಸಸ್ ನಗರದ ಕಾನೂನು

ಬಡಗಿತನ, ಗಾರೆಕೆಲಸ, ವೈರಿಂಗ್ ಕೆಲಸಗಳಲ್ಲಿ ತೊಡಗಿರುವ ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಮನೆಗೆ ಬಂದು, “ಮೇಷ್ಟ್ರೇ, ಈ ಕೊಟೇಶನ್ ಸ್ವಲ್ಪ ತಿದ್ದಿಕೊಡಿ” ಎಂದು ಕೇಳುವುದುಂಟು. ಆಗೆಲ್ಲ ನನಗೆ ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಕಾನೂನೊಂದು ನೆನಪಾಗುತ್ತದೆ.

ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದ ಹತ್ತನೆಯ ಭಾಗದ ಪೀಠಿಕೆಯಲ್ಲಿ ಅದನ್ನು ವಿವರಿಸಿದ್ದಾನೆ. ಎಫೆಸಸ್ ಎಂಬುದು ಇಂದಿನ ಟರ್ಕಿಯಲ್ಲಿದ್ದ ಗ್ರೀಕ್ ನಗರ. ಅಲ್ಲಿ ಸಾರ್ವಜನಿಕ ಕಟ್ಟಡದ ಹೊಣೆ ಹೊರುವವನು ಖರ್ಚು ಎಷ್ಟಾದೀತೆಂದು ಮೊದಲೇ ತಿಳಿಸಬೇಕಿತ್ತು. ಅಂದಾಜನ್ನು ಅಧಿಕಾರಿಗೆ ಒಪ್ಪಿಸಿದ ಮೇಲೆ, ಕೆಲಸ ಮುಗಿಯುವವರೆಗೂ ಅವನ ಆಸ್ತಿ ಅಡವಿನಲ್ಲಿರುತ್ತಿತ್ತು. ಹೇಳಿದಷ್ಟೇ ಖರ್ಚಾದರೆ ಅವನಿಗೆ ಗೌರವ ಸಲ್ಲುತ್ತಿತ್ತು. ಕಾಲು ಭಾಗದವರೆಗೆ ಹೆಚ್ಚಾದರೆ ಬೊಕ್ಕಸವೇ ಭರಿಸುತ್ತಿತ್ತು, ಅವನಿಗೆ ದಂಡವಿಲ್ಲ. ಅದನ್ನೂ ಮೀರಿದರೆ ಮಾತ್ರ ಆ ಹಣ ಅವನ ಆಸ್ತಿಯಿಂದ ವಸೂಲಾಗುತ್ತಿತ್ತು. ಇಂಥ ಕಾನೂನು ರೋಮಿನಲ್ಲಿಯೂ, ಖಾಸಗಿ ಮನೆಗಳಿಗೂ ಇದ್ದಿದ್ದರೆ ಸಂಸಾರವಂತರು ಮುಗಿಯದ ಖರ್ಚಿಗೆ ಸಿಲುಕಿ ಆಸ್ತಿ ಕಳೆದುಕೊಳ್ಳುವುದು ತಪ್ಪುತ್ತಿತ್ತೆಂದು ವಿಟ್ರೂವಿಯಸ್ ಹಂಬಲಿಸಿದ.

ನಮ್ಮಲ್ಲಿ 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ, ಒಬ್ಬರ ಪ್ರಸ್ತಾವವನ್ನು ಇನ್ನೊಬ್ಬರು ಒಪ್ಪಿದೊಡನೆ ಅದು ವಚನವಾಗುತ್ತದೆ. ಒಪ್ಪಿಗೆಗೆ ಮುನ್ನ ಹಿಂತೆಗೆದುಕೊಳ್ಳಬಹುದು. ಆಮೇಲೆ ಮನಬಂದಂತೆ ಬದಲಿಸುವಂತಿಲ್ಲ. ಆದರೆ ಎಫೆಸಸ್ಸಿನ ಆ ಕಾಲು ಭಾಗದ ಕರುಣೆ ಈ ಕಾಯಿದೆಯಲ್ಲಿಲ್ಲ.

ಇದನ್ನು ಬರೆಯುವಾಗ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. 1984ರಲ್ಲಿ ನಮ್ಮ ಮನೆಯ ಬಾಗಿಲು, ಕಿಟಕಿಗಳಿಗೆ ವೃದ್ಧ ಬಡಗಿಯೊಬ್ಬರು ಬಾಯಿಮಾತಿನಲ್ಲಿ 4,000 ರೂಪಾಯಿ ಹೇಳಿದ್ದರು. ಅಷ್ಟರಲ್ಲಿ ಮರದ ಬೆಲೆ ಏರಿತು. “ಇನ್ನೊಂದು 600 ಕೊಡಿ ಸ್ವಾಮಿ” ಎಂದು ಅವರು ಕೇಳಿದಾಗ, “ಮಾತೆಂದರೆ ಮಾತು” ಎಂದುಬಿಟ್ಟೆ. ಅವರು ಎದುರಾಡದೆ ಕೆಲಸ ಮುಗಿಸಿಕೊಟ್ಟರು. ಮತ್ತೆಂದೂ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಆ ಬಾಗಿಲುಗಳು ಇಂದಿಗೂ ಒಂದಿಷ್ಟೂ ಬಾಗಿಲ್ಲ. ಎಫೆಸಸ್ಸಿನ ಲೆಕ್ಕದಲ್ಲಿ ಕಾಲು ಭಾಗವೆಂದರೆ 1,000 ರೂಪಾಯಿ. ಆ 600 ನಾನೇ ತೆರಬೇಕಾಗಿದ್ದ ಹಣ.

ಆದ್ದರಿಂದ ಮಕ್ಕಳೇ, ಬೆಲೆಪಟ್ಟಿಯಲ್ಲಿ ಒಟ್ಟು ಮೊತ್ತವನ್ನಷ್ಟೇ ಬರೆಯಬೇಡಿ. ಅಳತೆ, ಮರದ ಜಾತಿ, ಸಾಮಗ್ರಿಯ ದರ, ಕೂಲಿ, ತೆರಿಗೆ ಇವನ್ನು ಬೇರೆಬೇರೆಯಾಗಿ ಬರೆಯಿರಿ. ಆ ದರ ಎಷ್ಟು ದಿನ ಊರ್ಜಿತ, ಸಾಮಗ್ರಿಯ ಬೆಲೆ ಏರಿದರೆ ಹೊರೆ ಯಾರದು ಎಂಬುದನ್ನೂ ನಮೂದಿಸಿ ರುಜು ಪಡೆಯಿರಿ. ಮನೆ ಕಟ್ಟಿಸುವವರಿಗೆ ನನ್ನದೊಂದೇ ವಿನಂತಿ: ಮಾತನ್ನು ಹಿಡಿಯುವ ಮುನ್ನ ಕೆಲಸಗಾರನ ಮುಖವನ್ನೂ ಒಮ್ಮೆ ನೋಡಿ.