ಟೊಲೊನೊ: ಎರಡು ಹಳಿ ಕೂಡಿದಲ್ಲಿ ಹುಟ್ಟಿದ ಊರು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೊದಿಂದ ದಕ್ಷಿಣಕ್ಕೆ ಸುಮಾರು 220 ಕಿಲೋಮೀಟರ್ ದೂರದಲ್ಲಿ ಟೊಲೊನೊ ಇದೆ. ಮೂರೂವರೆ ಸಾವಿರದಷ್ಟು ಜನರಿರುವ ಈ ಊರಿಗೆ ನದಿಯಿಲ್ಲ, ಬೆಟ್ಟವಿಲ್ಲ, ಕೋಟೆಯಿಲ್ಲ. ಊರೊಂದು ಇಲ್ಲೇ ಏಕೆ ಹುಟ್ಟಬೇಕಿತ್ತು ಎಂದು ಕೇಳಿದರೆ ಉತ್ತರ ಒಂದೇ, ರೈಲು.

1850ರಲ್ಲಿ ಅಮೆರಿಕದ ಸಂಸತ್ತು ಇಲಿನಾಯ್ ಸೆಂಟ್ರಲ್ ರೈಲುದಾರಿಗೆಂದು ಸುಮಾರು 26 ಲಕ್ಷ ಎಕರೆ ಸರ್ಕಾರಿ ಭೂಮಿ ಕೊಟ್ಟಿತು. 1856ರ ಹೊತ್ತಿಗೆ 700 ಮೈಲಿಗೂ ಮೀರಿದ ಹಳಿ ಹಾಸಿ ಮುಗಿಯಿತು. ಜನವಸತಿಯೇ ಇಲ್ಲದ ಹುಲ್ಲುಬಯಲಿನಲ್ಲಿ ಮೊದಲು ಹಳಿ ಬಂತು, ಆಮೇಲೆ ನಿಲ್ದಾಣ, ಅದರ ಸುತ್ತ ಊರು. ನಿಲ್ದಾಣಗಳ ಬಳಿ ಕಂಪನಿ ತಾನೇ ಊರು ಕಟ್ಟಬಾರದೆಂದು ಅದರ ಸನ್ನದಿನಲ್ಲೇ ಷರತ್ತಿತ್ತು. ಹಾಗಾಗಿ ಕಂಪನಿಯ ಕೆಲವು ನಿರ್ದೇಶಕರು ತಮ್ಮದೇ ಕೂಟ ಮಾಡಿಕೊಂಡು, ಜಾಗ ಕೊಂಡು, ಒಂದೇ ನಕ್ಷೆಯನ್ನು ಹಲವು ನಿಲ್ದಾಣಗಳಲ್ಲಿ ಬಿಡಿಸಿದರು. ಅದಕ್ಕೇ ಈ ದಾರಿಯ ಊರೂರಿನಲ್ಲೂ ಮರಗಳ ಹೆಸರಿನ ಅವವೇ ಬೀದಿಗಳು ಎದುರಾಗುತ್ತವೆ. ಟೊಲೊನೊ ಎಂಬ ಹೆಸರೂ ಕಂಪನಿಯ ಅಧಿಕಾರಿ ಜೆ. ಬಿ. ಕಾಲ್‌ಹೂನ್ ಅಕ್ಷರ ಜೋಡಿಸಿ ಮಾಡಿದ್ದಂತೆ. ರೈಲು ಎಷ್ಟು ಬಲಶಾಲಿಯಾಗಿತ್ತೆಂದರೆ, ಹತ್ತಿರದ ಅರ್ಬಾನಾ ಪಟ್ಟಣವನ್ನು ಬಿಟ್ಟು ಹಳಿ ಎರಡು ಮೈಲಿ ಪಶ್ಚಿಮಕ್ಕೆ ಹಾದಾಗ, ಅಲ್ಲಿ ಷಾಂಪೇನ್ ಎಂಬ ಮತ್ತೊಂದು ಪಟ್ಟಣವೇ ಬೆಳೆಯಿತು.

ಟೊಲೊನೊದ ಅದೃಷ್ಟ ಎರಡನೆಯ ಹಳಿಯದು. ಮುಂದೆ ವಾಬಾಷ್ ಎಂದು ಹೆಸರಾದ ಗ್ರೇಟ್ ವೆಸ್ಟರ್ನ್ ದಾರಿ ಪೂರ್ವ-ಪಶ್ಚಿಮವಾಗಿ ಬಂದು ಇಲ್ಲಿ ಇಲಿನಾಯ್ ಸೆಂಟ್ರಲ್ ದಾರಿಯನ್ನು ದಾಟಿತು. ಊರು ಜಂಕ್ಷನ್ ಆಯಿತು. ಷಾಂಪೇನ್‌ನಿಂದ ರಾಜಧಾನಿ ಸ್ಪ್ರಿಂಗ್‌ಫೀಲ್ಡಿಗೆ ಹೊರಟವರು ಇಲ್ಲೇ ಇಳಿದು ಗಾಡಿ ಬದಲಿಸುತ್ತಿದ್ದರು. ಜಂಕ್ಷನ್ ಊರಿನ ಬದುಕು ಕಾಯುವವರಿಂದ ನಡೆಯುತ್ತದೆ: ಕಾಯುವವರಿಗೆ ಊಟ ಬೇಕು, ಹಾಸಿಗೆ ಬೇಕು, ಸುದ್ದಿ ಬೇಕು.

ಹೀಗೆ ಈ ದಾರಿಗಳಲ್ಲಿ ಓಡಾಡಿದ ವಕೀಲರಲ್ಲಿ ಅಬ್ರಹಾಂ ಲಿಂಕನ್ ಒಬ್ಬರು. ಇಲಿನಾಯ್ ಸೆಂಟ್ರಲ್ ಪರವಾಗಿ ತೆರಿಗೆಯ ದೊಡ್ಡ ಮೊಕದ್ದಮೆ ಗೆದ್ದುಕೊಟ್ಟು, 5,000 ಡಾಲರ್ ಶುಲ್ಕಕ್ಕಾಗಿ ಅದೇ ಕಂಪನಿಯ ಮೇಲೆ ದಾವೆ ಹೂಡಬೇಕಾಗಿ ಬಂದವರು. 1861ರ ಫೆಬ್ರುವರಿ 11ರ ಬೆಳಿಗ್ಗೆ, ಚುನಾಯಿತ ಅಧ್ಯಕ್ಷರಾಗಿ ಅವರು ಸ್ಪ್ರಿಂಗ್‌ಫೀಲ್ಡ್ ಬಿಟ್ಟು ವಾಷಿಂಗ್ಟನ್ನಿಗೆ ಹೊರಟರು. ಮರುದಿನ ಅವರಿಗೆ 52 ತುಂಬುವುದಿತ್ತು. ದಕ್ಷಿಣದ ಏಳು ರಾಜ್ಯಗಳು ಆಗಲೇ ಒಕ್ಕೂಟದಿಂದ ಹೊರಬಂದಿದ್ದವು. ಟೊಲೊನೊದಲ್ಲಿ ಗಾಡಿ ನಿಂತಾಗ ಸೇರಿದ್ದ ಜನರಿಗೆ ಅವರು ಆಡಿದ್ದು ಕೆಲವೇ ಮಾತು: ದೇಶದ ಮಹತ್ವದ ಕೆಲಸಕ್ಕೆ ಹೋಗುತ್ತಿದ್ದೇನೆ, ಕಷ್ಟಗಳು ನಿಮಗೆ ಗೊತ್ತೇ ಇವೆ, ಪ್ರೀತಿಯಿಂದ ಬೀಳ್ಕೊಳ್ಳುತ್ತೇನೆ. ಇಲಿನಾಯ್ ನೆಲದಲ್ಲಿ ಲಿಂಕನ್ನರ ಕೊನೆಯ ಭಾಷಣ ಇದೇ ಎಂಬುದು ಊರಿನವರ ಹೆಮ್ಮೆ. ಮುಂದಿನ ಡ್ಯಾನ್‌ವಿಲ್‌ನಲ್ಲೂ ಅವರು ಒಂದೆರಡು ಮಾತಾಡಿದ್ದುಂಟು, ಹಾಗಾಗಿ ವಾದಕ್ಕೆ ಎಡೆಯಿದೆ. ನನಗೆ ಆ ವಾದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಏಳೆಂಟು ವರ್ಷದ ಹಿಂದೆ ಬರಿಯ ಹುಲ್ಲಿದ್ದ ಜಾಗದಲ್ಲಿ, ಹೊಸ ಅಧ್ಯಕ್ಷನನ್ನು ಕಣ್ಣಾರೆ ಕಾಣಲು ಜನ ನೆರೆದಿದ್ದರು. ಲಿಂಕನ್ ಆಮೇಲೆ ಇಲಿನಾಯ್‌ಗೆ ಜೀವಂತವಾಗಿ ಮರಳಲಿಲ್ಲ.

ರೈಲು ಜನರನ್ನು ತಂದಿತು, ನಿಜ. ಆದರೆ ನೆಲವನ್ನು ಉಳಿಸಿಕೊಂಡದ್ದು ರೈತರ ಬೆವರು. ಈ ಬಯಲಿನ ಎರೆಮಣ್ಣು ಬಲು ಫಲವತ್ತು, ಆದರೆ ತಗ್ಗಿನಲ್ಲೆಲ್ಲ ನೀರು ನಿಲ್ಲುತ್ತಿತ್ತು. ಸೊಳ್ಳೆ, ಚಳಿಜ್ವರ ಜೊತೆಗೇ ಇದ್ದವು. ಅಂತರ್ಯುದ್ಧದ ನಂತರದ ದಶಕಗಳಲ್ಲಿ ರೈತರು ಹೊಲದುದ್ದಕ್ಕೂ ಚರಂಡಿ ತೋಡಿ, ಸುಟ್ಟ ಮಣ್ಣಿನ ಗಿಡ್ಡ ಕೊಳವೆಗಳನ್ನು ಒಂದರ ಬಾಯಿಗೊಂದು ಜೋಡಿಸಿ ಹೂಳಿದರು. ಸಂದುಗಳಲ್ಲಿ ಇಳಿದ ನೀರು ಕೊಳವೆ ಹಿಡಿದು ಹಳ್ಳ ಸೇರಿತು, ಜೌಗು ಹೊಲವಾಯಿತು. ಕಣ್ಣಿಗೆ ಕಾಣದ ಈ ಕೊಳವೆಗಳಿಗೆ ಯಾರೂ ಸ್ಮಾರಕ ಕಟ್ಟಿಲ್ಲ. ಆ ಸೀಮೆಯ ಚರಿತ್ರೆ ಬರೆಯುವವರು ಅವಕ್ಕೆ ಲಿಂಕನ್ನರ ಪಕ್ಕದಲ್ಲೇ ಜಾಗ ಕೊಡಬೇಕು.

ಹೊಲ ಬೆಳೆದಂತೆ ಹಳಿಯ ಪಕ್ಕ ಧಾನ್ಯ ತುಂಬಿಡುವ ಎಲಿವೇಟರುಗಳು ಎದ್ದವು, ಮೊದಲು ಮರದವು, ಆಮೇಲೆ ಕಾಂಕ್ರೀಟಿನವು. ಸುಗ್ಗಿಯಲ್ಲಿ ಲಾರಿ ತೂಕದ ಹಲಗೆಯೇರಿ ನಿಂತರೆ, ಮೇಲಿಂದ ಕೊಳವೆಯೊಂದು ರಾಶಿಯೊಳಕ್ಕೆ ಇಳಿದು ಒಂದಿಷ್ಟು ಮೆಕ್ಕೆಜೋಳ ಹೀರಿಕೊಳ್ಳುತ್ತದೆ. ತೇವಾಂಶ ನೋಡುತ್ತಾರೆ, ಶೇಕಡ 15ಕ್ಕಿಂತ ಹೆಚ್ಚಿದ್ದರೆ ಒಣಗಿಸುವ ಖರ್ಚು ರೈತನ ಲೆಕ್ಕಕ್ಕೆ. ಅಳತೆ ಬುಷೆಲ್ ಲೆಕ್ಕದಲ್ಲಿ: ಮೆಕ್ಕೆಜೋಳವಾದರೆ 56 ಪೌಂಡಿಗೆ ಒಂದು ಬುಷೆಲ್, ಅಂದರೆ 25 ಕಿಲೋ ಚಿಲ್ಲರೆ.

ಹೆದ್ದಾರಿ, ಕಾರು ಬಂದ ಮೇಲೆ ಪ್ರಯಾಣಿಕರು ಕಡಿಮೆಯಾದರು. ಷಿಕಾಗೊದಿಂದ ನ್ಯೂ ಆರ್ಲಿಯನ್ಸ್‌ಗೆ ಹೋಗುವ ಆಮ್‌ಟ್ರ್ಯಾಕ್ ಗಾಡಿ ಷಾಂಪೇನ್‌ನಲ್ಲಿ ನಿಂತು, ಟೊಲೊನೊವನ್ನು ನಿಲ್ಲದೆ ದಾಟುತ್ತದೆ. ಇಲಿನಾಯ್ ಸೆಂಟ್ರಲ್ 1990ರ ದಶಕದ ಕೊನೆಯಲ್ಲಿ ಕೆನೇಡಿಯನ್ ನ್ಯಾಷನಲ್ ಪಾಲಾಯಿತು, ವಾಬಾಷ್ ದಾರಿ ನಾರ್ಫಕ್ ಸದರ್ನ್ ಕೈಸೇರಿತು. ಹತ್ತು ಮೈಲಿ ಆಚೆಯ ವಿಶ್ವವಿದ್ಯಾನಿಲಯದ ಊರಾದ ಷಾಂಪೇನ್-ಅರ್ಬಾನಾಗೆ ಕೆಲಸಕ್ಕೆ ಹೋಗಿಬರುವವರು ಈಗ ಇಲ್ಲಿ ಮನೆ ಮಾಡಿದ್ದಾರೆ. ಸರಕು ಗಾಡಿಗಳು ಮಾತ್ರ ಎರಡೂ ದಾರಿಗಳಲ್ಲಿ ಇಂದಿಗೂ ಓಡುತ್ತಿವೆ. ಒಂದು ದಾಟುವಾಗ ಇನ್ನೊಂದು ಸಿಗ್ನಲ್‌ಗೆ ಕಾಯಬೇಕು.