ಪಾವ್‌ವಾಲಾ ಬರುವ ಊರಿನಲ್ಲಿ ಬ್ರೆಡ್ಡಿನ ಯಂತ್ರ



ನೀವು ಚಿಕ್ಕವರಿದ್ದಾಗ ಮನೆಗೆ ಬ್ರೆಡ್ಡು ಯಾವಾಗ ಬರುತ್ತಿತ್ತು, ನೆನಪಿದೆಯೇ? ನಮ್ಮ ಧಾರವಾಡದ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಬರುತ್ತಿತ್ತು. ಬಿಸಿ ಹಾಲಿನಲ್ಲಿ ಅದ್ದಿ, ಮೇಲೊಂದಿಷ್ಟು ಸಕ್ಕರೆ ಉದುರಿಸಿ ಕೊಡುತ್ತಿದ್ದರು. ಜ್ವರ ಬಿಟ್ಟಿತೆಂದರೆ ಬ್ರೆಡ್ಡೂ ಬಿಟ್ಟಿತು, ಮರುದಿನದಿಂದ ಮತ್ತೆ ಜೋಳದ ರೊಟ್ಟಿ. ನನ್ನ ತಮ್ಮನಂತೂ ಬ್ರೆಡ್ಡಿನ ಆಸೆಗೇ ಎರಡು ದಿನ ಹೆಚ್ಚಿಗೆ ಮಲಗಿದ್ದುಂಟು.

ಕಳೆದ ತಿಂಗಳು ಕಾರ್ಯಕ್ರಮದ ನಡುವೆ ಫೋನ್ ಮಾಡಿದ ಕೇಳುಗರೊಬ್ಬರು, "ಮೇಡಂ, ಮನೆಯಲ್ಲೇ ಬ್ರೆಡ್ಡು ಮಾಡುವ ಯಂತ್ರ ಬಂದಿದೆಯಲ್ಲ, ಅದನ್ನ ತಗೊಳ್ಳೋದು ಲಾಭವೇ?" ಎಂದು ಕೇಳಿದರು. ಆಗ ಹಾಡು ಹಾಕುವ ಹೊತ್ತು, ಸರಿಯಾಗಿ ಉತ್ತರಿಸಲು ಆಗಲಿಲ್ಲ. ಆದರೆ ಅದೇ ಪ್ರಶ್ನೆಯನ್ನು ಹೊತ್ತುಕೊಂಡು ಮಳೆಗಾಲದ ಹದಿನೈದು ದಿನ ನಾನು ಲೋಣಾವಳಾದಲ್ಲಿ ಕಳೆದು ಬಂದಿದ್ದೆ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೋಣಾವಳಾದಲ್ಲಿ ನನ್ನ ಕಾಕಾ, ಕಾಕು ಇದ್ದಾರೆ. ಕಾಕಾ ರೈಲ್ವೆಯಿಂದ ನಿವೃತ್ತರಾಗಿ ಅಲ್ಲೇ ನೆಲೆಸಿದವರು. ಕಾಕು ನಲವತ್ತು ವರ್ಷ ದಿನವೂ ರೊಟ್ಟಿ ಬಡಿದವರು. ಈಗ ಅವರ ಎರಡೂ ಮಣಿಕಟ್ಟುಗಳಲ್ಲಿ ನೋವು, ಹಿಟ್ಟು ನಾದುವುದೇ ಕಷ್ಟ. ಕಾಕಾಗೆ ರಕ್ತದೊತ್ತಡ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಹೀಗಾಗಿ ಬೆಳಗಿನ ರೊಟ್ಟಿಯ ಜಾಗಕ್ಕೆ ಅಂಗಡಿಯ ಬ್ರೆಡ್ಡು ಬಂದಿದೆ, ಆ ಬ್ರೆಡ್ಡಿನಲ್ಲೇ ಉಪ್ಪಿದೆ! ಅಮೆರಿಕದಲ್ಲಿರುವ ಮಗ ಯಂತ್ರ ಕಳಿಸುತ್ತೇನೆಂದು ಹಟ ಹಿಡಿದಿದ್ದಾನೆ. "ಬ್ಯಾಡ ಅಂದ್ರೂ ಕೇಳೂದಿಲ್ಲವಾ ಅಂವ. ನಮ್ಮ ಮನ್ಯಾಗ ಯಾರರೆ ಎಂದರೆ ಬ್ರೆಡ್ ಮಾಡ್ಯಾರೇನ?" ಎಂದು ಕಾಕು ನನ್ನನ್ನು ಕೇಳಿದರು.

ಕಾಕು ಕೇಳಿದ್ದು ಇತಿಹಾಸದ ಪ್ರಶ್ನೆ. ನಮ್ಮ ಮನೆಗಳಲ್ಲಿ ಯಾರೂ ಏಕೆ ಬ್ರೆಡ್ಡು ಮಾಡಲಿಲ್ಲ?

ನೀವು ದಿನವೂ ತಿನ್ನುವ 'ಪಾವ್' ಎಂಬ ಮಾತೇ ಪೋರ್ಚುಗೀಸರದು. ಅವರ ಭಾಷೆಯಲ್ಲಿ ಬ್ರೆಡ್ಡಿಗೆ 'ಪಾಂವ್' ಎನ್ನುತ್ತಾರೆ. 1510ರಲ್ಲಿ ಗೋವಾ ಹಿಡಿದ ಮೇಲೆ ಅವರಿಗೆ ಗೋಧಿ ಸಿಕ್ಕಿತು, ಹಿಟ್ಟು ಉಬ್ಬಿಸುವ ಯೀಸ್ಟು ಸಿಗಲಿಲ್ಲ. ಅದರ ಬದಲು ತೆಂಗಿನ ಮರದ ಕಳ್ಳು ಹಾಕಿದರು. ಕಳ್ಳಿನಲ್ಲಿ ಹುಳಿ ಬರಿಸುವ ಜೀವಾಣುಗಳು ತಾವಾಗಿಯೇ ಇರುತ್ತವೆ, ಹಿಟ್ಟು ಉಬ್ಬಿತು. ಆದರೆ ಕಳ್ಳು ಹಾಕಿದ, ಬೇರೆಯವರು ನಾದಿದ ಹಿಟ್ಟು ಆ ಕಾಲದ ಮಡಿಯ ಅಡಿಗೆಮನೆಗೆ ಬರುವುದುಂಟೆ? ಬಾವಿಗೆ ಪಾವಿನ ತುಂಡು ಎಸೆದು ಊರಿಗೆ ಊರನ್ನೇ ಜಾತಿಯಿಂದ ಕೆಡಿಸಿದರೆಂಬ ಕತೆ ಗೋವಾ ಕಡೆ ಇಂದಿಗೂ ಕೇಳಸಿಗುತ್ತದೆ. ಕತೆ ನಿಜವೋ ಸುಳ್ಳೋ, ಅದರೊಳಗಿನ ಅಂಜಿಕೆ ಮಾತ್ರ ನಿಜ.

ಇನ್ನೊಂದು ಕಾರಣ ಒಲೆ. ನಮ್ಮ ಒಲೆ ಕೆಳಗಿನಿಂದ ಕಾಯುತ್ತದೆ. ಬ್ರೆಡ್ಡಿಗೆ ನಾಲ್ಕೂ ಕಡೆಯಿಂದ ಕಾವು ಬೇಕು. ಅದಕ್ಕೆ ದಪ್ಪ ಇಟ್ಟಿಗೆಯ ಭಟ್ಟಿ ಕಟ್ಟಬೇಕು, ಗಂಟೆಗಟ್ಟಲೆ ಕಟ್ಟಿಗೆ ಉರಿಸಿ ಕಾಯಿಸಬೇಕು. ಒಮ್ಮೆ ಕಾದರೆ ನೂರಾರು ಪಾವು ಸುಡಬಹುದು, ಆದರೆ ಒಂದು ಮನೆಯ ನಾಲ್ಕು ಪಾವಿಗೆ ಅಷ್ಟು ಕಟ್ಟಿಗೆ ಯಾರು ಉರಿಸುತ್ತಾರೆ? ಹಾಗಾಗಿ ನಮ್ಮಲ್ಲಿ ಬ್ರೆಡ್ಡು ಮೊದಲಿನಿಂದಲೂ ಓಣಿಯ ಭಟ್ಟಿಯ ಪದಾರ್ಥ. ಗೋವಾದ ಬೇಕರಿಯವರು ಮುಂಬಯಿಗೆ ಬಂದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಇಪ್ಪತ್ತನೆಯದರ ಮೊದಲಿಗೆ ಇರಾನಿಗಳು ಬಂದು ಚಹಾದ ಜತೆ ಬ್ರುನ್ ಪಾವ್, ಬನ್ ಮಸ್ಕಾ ಕೊಟ್ಟರು. ಪುಣೆಯ ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿ ಆ ಪರಂಪರೆಯದೇ, 1955ರಲ್ಲಿ ಶುರುವಾದದ್ದು. 1966ರಲ್ಲಿ ದಾದರ್ ಸ್ಟೇಷನ್ ಬಳಿ ಅಶೋಕ ವೈದ್ಯರು ಪಾವಿನೊಳಗೆ ಬಟಾಟೆವಡೆ ಇಟ್ಟು ಮಾರಿದರೆಂದು ಹೇಳುತ್ತಾರೆ. 1982ರ ಗಿರಣಿ ಮುಷ್ಕರದ ನಂತರ ಕೆಲಸ ಕಳೆದುಕೊಂಡ ಎಷ್ಟೋ ಜನ ವಡಾಪಾವಿನ ಗಾಡಿ ಇಟ್ಟರು. ಇದೆಲ್ಲವೂ ಓಣಿಯಲ್ಲಿ ಬೇಕರಿ ಇತ್ತೆಂದೇ ಆದದ್ದು.

ನಮ್ಮ ಕನ್ನಡನಾಡಿನಲ್ಲಿ ಮಡಿಯ ತೊಡಕನ್ನು ಬಿಡಿಸಿದವರು ಬೇರೆಯವರು, ಹಾಸನದ ಕಡೆಯ ಅಯ್ಯಂಗಾರರು! ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ತಿರುಮಲಾಚಾರ್ ಸೋದರರು ಬಿ.ಬಿ. ಬೇಕರಿ ತೆಗೆದರು. ಮಿಠಾಯಿ ಅಂಗಡಿಗೆ ಬರುತ್ತಿದ್ದ ಇಂಗ್ಲಿಷರೊಬ್ಬರಿಂದ ಕೆಲಸ ಕಲಿತರೆಂದು ಪ್ರತೀತಿ. ಮೊಟ್ಟೆಯಿಲ್ಲ, ಮಾಡುವವರು ನಮ್ಮವರೇ. ಮಡಿವಂತ ಅಜ್ಜಿಯರೂ 'ಅಯ್ಯಂಗಾರ್ ಬೇಕರಿಯದು' ಎಂದರೆ ಸುಮ್ಮನಾದರು. ಬಳಿಕ 1965ರಲ್ಲಿ ಸರಕಾರವೇ ಮಾಡರ್ನ್ ಬೇಕರೀಸ್ ಆರಂಭಿಸಿತು. 2000ದಲ್ಲಿ ಅದನ್ನು ಹಿಂದೂಸ್ತಾನ್ ಲಿವರ್‌ಗೆ ಮಾರಿದಾಗ ನಮ್ಮಮ್ಮ, "ಜ್ವರದ ಬ್ರೆಡ್ಡೂ ಖಾಸಗಿ ಆತು" ಅಂದಿದ್ದರು.

ಇನ್ನು ಲೋಣಾವಳಾ. ಅಲ್ಲಿಗೆ ಹೋದವರೆಲ್ಲ ಚಿಕ್ಕಿ ತರುತ್ತೀರಿ, ಬ್ರೆಡ್ಡಿನ ಯೋಚನೆ ಯಾರಿಗೂ ಬರುವುದಿಲ್ಲ. ಆದರೆ ಅದು ಘಾಟಿನ ತಲೆಯ ಮೇಲೆ ಬೆಳೆದ ರೈಲ್ವೆ ಊರು. ಭೋರ್ ಘಾಟಿನ ರೈಲುದಾರಿ 1863ರಲ್ಲಿ ತೆರೆಯಿತು. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ತೀರಿಕೊಂಡ ಮೇಲೆ ಆತನ ಹೆಂಡತಿ ಆಲಿಸ್ ಗುತ್ತಿಗೆ ಮುಂದುವರಿಸಿದಳು. 37 ಅಡಿಗೆ ಒಂದಡಿ ಏರುವ ದಾರಿಯದು, ಕರ್ಜತ್‌ನಲ್ಲಿ ಹಿಂದಿನಿಂದ ದೂಡುವ ಎಂಜಿನ್ ಹಚ್ಚಿ ಗಾಡಿ ಮೇಲೇರುತ್ತದೆ. ಇಂಥ ಊರಿಗೆ ಯುರೋಪಿಯನ್ ರೈಲ್ವೆ ನೌಕರರು ಬಂದರು, 1945ರಲ್ಲಿ ನೌಕಾಪಡೆಯ ಶಿವಾಜಿ ತರಬೇತಿ ಕೇಂದ್ರ ಬಂತು. ಎಲ್ಲರೂ ಬ್ರೆಡ್ಡು ತಿನ್ನುವ ಜನ. ಕಾಕು ಮದುವೆಯಾಗಿ ಬಂದಾಗ ಈ ಊರಿನಲ್ಲಿ ಕನ್ನಡ ಸಿಗಲಿಲ್ಲವಂತೆ, ಪಾವು ಮಾತ್ರ ಬಾಗಿಲಿಗೇ ಬರುತ್ತಿತ್ತಂತೆ. ಈಗಲೂ ಒಬ್ಬ ಹುಡುಗ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಗಂಟೆ ಬಾರಿಸುತ್ತ ಬರುತ್ತಾನೆ. ಮಳೆ ಜೋರಾದರೆ ಬರುವುದಿಲ್ಲ. ಲೋಣಾವಳಾದ ಮಳೆ ನಿಮಗೆ ಗೊತ್ತಲ್ಲ, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರು ಸುರಿಯುತ್ತದೆ.

ಈಗ ಯಂತ್ರಕ್ಕೆ ಬರೋಣ. ಇದು ಹುಟ್ಟಿದ್ದು ಬ್ರೆಡ್ಡಿನ ತವರಾದ ಯುರೋಪಿನಲ್ಲಲ್ಲ, ನಮ್ಮ ಹಾಗೆ ಅನ್ನ ತಿನ್ನುವ, ಮನೆಯಲ್ಲಿ ಭಟ್ಟಿಯಿಲ್ಲದ ಜಪಾನಿನಲ್ಲಿ. ಮತ್ಸುಶಿತಾ ಕಂಪನಿಯವರು 1985ರ ಹೊತ್ತಿಗೆ ಯಂತ್ರವನ್ನೇನೋ ಮಾಡಿದ್ದರು, ಆದರೆ ಬ್ರೆಡ್ಡು ಹೊರಗೆ ಸೀದು ಒಳಗೆ ಹಸಿಯಾಗಿಯೇ ಇರುತ್ತಿತ್ತು. ಯಂತ್ರ ನಾದಿದ ಹಿಟ್ಟನ್ನೂ ಬೇಕರಿಯವನು ನಾದಿದ ಹಿಟ್ಟನ್ನೂ ಎಕ್ಸ್‌ರೇ ತೆಗೆದು ಹೋಲಿಸಿದರಂತೆ, ಗುಟ್ಟು ಸಿಗಲಿಲ್ಲ. ಆಗ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ಕೆಲಸದ ಹೆಣ್ಣುಮಗಳು ಒಸಾಕಾದ ಹೋಟೆಲೊಂದರ ಮುಖ್ಯ ಬೇಕರಿಯವನ ಕೈಕೆಳಗೆ ಶಿಷ್ಯೆಯಾಗಿ ನಿಂತಳು. ಆತ ಹಿಟ್ಟನ್ನು ಬರೀ ಒತ್ತುತ್ತಿರಲಿಲ್ಲ, ಎಳೆದು ತಿರುಚುತ್ತಿದ್ದ. ಅದನ್ನು ಕಣ್ಣಾರೆ ಕಂಡು ಬಂದಳು. ಎಂಜಿನಿಯರುಗಳು ಪಾತ್ರೆಯ ಒಳಗೋಡೆಗೆ ಏಣುಗಳನ್ನು ಇಟ್ಟರು. ಹಿಟ್ಟು ಅವುಗಳಿಗೆ ತಾಗಿ ತಿರುಚತೊಡಗಿತು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. ಈ ಕತೆ ಮುಂದೆ ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಪಾಠವಾಯಿತು. ನನಗೆ ಅದರಲ್ಲಿ ಕಾಣುವುದು ಆ ಬೇಕರಿಯವನ ಕೈ.

ಹಾಗಾದರೆ ಜಪಾನಿನಲ್ಲಿ ನಡೆದದ್ದು ನಮ್ಮಲ್ಲೇಕೆ ನಡೆಯಲಿಲ್ಲ? ಅಲ್ಲಿ ಯುದ್ಧದ ನಂತರ ಶಾಲೆಯ ಊಟದಲ್ಲಿ ಬ್ರೆಡ್ಡು ಕೊಟ್ಟು ಒಂದು ಪೀಳಿಗೆಗೆ ಅದರ ರುಚಿ ಹತ್ತಿತ್ತು. ನಮ್ಮಲ್ಲಿ ಬೇರೆ ಯಂತ್ರಗಳು ಮನೆ ಹೊಕ್ಕವು. ಕೊಯಮತ್ತೂರಿನಲ್ಲಿ 1955ರ ಸುಮಾರಿಗೆ ವೆಟ್ ಗ್ರೈಂಡರ್ ಹುಟ್ಟಿತು, 1970ರ ದಶಕದಲ್ಲಿ ಸುಮೀತ್ ಮಿಕ್ಸಿ ಬಂತು. ಅವುಗಳನ್ನು ಯಾರೂ 'ಲಾಭವೇ?' ಎಂದು ಕೇಳಲಿಲ್ಲ. ರುಬ್ಬುವ ಕಲ್ಲಿನ ಮುಂದೆ ಕೂತ ಹೆಂಗಸಿನ ರಟ್ಟೆಗೆ ಉತ್ತರ ಮೊದಲೇ ಗೊತ್ತಿತ್ತು. ಮನೆಯಲ್ಲಿ ಆಗಲೇ ಇದ್ದ ಕೆಲಸವನ್ನು ಅವು ಇಳಿಸಿದವು. ಬ್ರೆಡ್ಡಿನ ಯಂತ್ರವಾದರೋ ಮನೆಯಲ್ಲಿ ಇಲ್ಲದ ಕೆಲಸವನ್ನು ತರುತ್ತದೆ. ನೀವು ಯಂತ್ರದ ಬೆಲೆ ಕೇಳುವ ಮೊದಲು ಇದನ್ನು ಕೇಳಿಕೊಳ್ಳಿ: ನಿಮ್ಮ ಮನೆಯ ಯಾವ ಕೆಲಸವನ್ನು ಇದು ಇಳಿಸುತ್ತದೆ?

ಕಾಕುವಿನ ನೆರೆಮನೆಯವರ ಬಳಿ ಒಂದು ಯಂತ್ರ ಧೂಳು ಹಿಡಿದು ಕೂತಿತ್ತು. ಕೇಳಿ ತಂದೆವು. ಮೊದಲ ದಿನ ಬರೀ ಗಿರಣಿಯ ಗೋಧಿಹಿಟ್ಟು ಹಾಕಿದೆವು, ಬ್ರೆಡ್ಡು ಇಟ್ಟಿಗೆಯಾಯಿತು. ಅದರಲ್ಲಿ ಯಂತ್ರದ ತಪ್ಪಿಲ್ಲ. ಕಲ್ಲಿನಲ್ಲಿ ಬೀಸಿದ ಹಿಟ್ಟು ನೀರು ಹೆಚ್ಚು ಕುಡಿಯುತ್ತದೆ, ತೌಡು ಹಿಟ್ಟಿನ ಜಿಗುಟನ್ನು ಕತ್ತರಿಸುತ್ತದೆ. ಅರ್ಧ ಮೈದಾ ಸೇರಿಸಿ, ನೀರು ತುಸು ಹೆಚ್ಚಿಸಿದ ಮೇಲೆ ಸರಿಹೋಯಿತು. ಜೋಳದಲ್ಲಿ ಆ ಜಿಗುಟೇ ಇಲ್ಲ, ಆದ್ದರಿಂದ 'ಜೋಳದ ಬ್ರೆಡ್ಡು' ಎಂಬ ಆಸೆಯಿದ್ದರೆ ಬಿಡಿ. ಮೂರನೆಯ ದಿನ ಯೀಸ್ಟು ಸತ್ತಿತ್ತು. ಒಡೆದ ಪೊಟ್ಟಣವನ್ನು ಆ ಥಂಡಿ ಗಾಳಿಗೆ ಹೊರಗಿಟ್ಟಿದ್ದೆವು. ಐದನೆಯ ದಿನ ಹಿಟ್ಟು ಉಬ್ಬುತ್ತಿರುವಾಗಲೇ ಕರೆಂಟು ಹೋಯಿತು. ಅದು ಬಂದಾಗ ಯಂತ್ರಕ್ಕೆ ಎಲ್ಲಿದ್ದೆನೆಂಬುದೇ ಮರೆತಿತ್ತು. ಕಾಕು ಆ ಹಿಟ್ಟನ್ನು ತೆಗೆದು ಹಂಚಿನ ಮೇಲೆ ದಪ್ಪ ದಪ್ಪ ರೊಟ್ಟಿ ಮಾಡಿದರು. ಹದಿನೈದು ದಿನದಲ್ಲಿ ನಾವು ತಿಂದ ಅತಿ ರುಚಿಯ ಪದಾರ್ಥ ಅದೇ, ಯಂತ್ರ ಮಾಡದೆ ಬಿಟ್ಟದ್ದು!

ಉಪ್ಪನ್ನು ಅರ್ಧಕ್ಕೆ ಇಳಿಸಿ ನೋಡಿದೆವು. ಉಪ್ಪು ಯೀಸ್ಟಿಗೆ ಕಡಿವಾಣ ಇದ್ದ ಹಾಗೆ. ಅದು ಕಡಿಮೆಯಾದರೆ ಹಿಟ್ಟು ಅವಸರದಿಂದ ಉಬ್ಬಿ ನಡುವೆ ಕುಸಿಯುತ್ತದೆ. ಯೀಸ್ಟನ್ನೂ ಚಿಟಿಕೆ ಕಡಿಮೆ ಮಾಡಿದಾಗ ನಿಂತಿತು. ಕಾಕಾ ಎರಡು ತುಣುಕು ತಿಂದು, "ಸಪ್ಪಗದ, ಆದ್ರ ನಡೀತದ" ಎಂದರು. ಬಿ.ಪಿ. ಮಾತ್ರೆ ನುಂಗುವ ಮನುಷ್ಯನಿಂದ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಸಿಗಲಿಕ್ಕಿಲ್ಲ.

ಅಂಗಡಿಯ ಬ್ರೆಡ್ಡಿನಲ್ಲಿ ಏನಿದೆ ಎಂಬ ಚಿಂತೆಯೂ ಸುಳ್ಳಲ್ಲ. 2016ರ ಮೇ ತಿಂಗಳಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪರೀಕ್ಷಿಸಿದ ಬಹುಪಾಲು ಬ್ರೆಡ್ಡಿನ ಮಾದರಿಗಳಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಕಂಡುಬಂತು. ಮರುತಿಂಗಳೇ ಬ್ರೋಮೇಟನ್ನು ನಿಷೇಧಿಸಲಾಯಿತು. ಮನೆಯಲ್ಲಿ ಮಾಡಿದರೆ ಒಳಗೇನಿದೆ ಎಂದು ನಿಮಗೇ ಗೊತ್ತಿರುತ್ತದೆ. ಅದಕ್ಕೇ ಅದು ಎರಡು ದಿನದ ಮೇಲೆ ಉಳಿಯುವುದಿಲ್ಲ, ಮಳೆಗಾಲದಲ್ಲಂತೂ ಬೇಗನೆ ಬೂಷ್ಟು ಹಿಡಿಯುತ್ತದೆ.

ದುಡ್ಡಿನ ಲೆಕ್ಕವನ್ನೂ ಕಾಕಾ ರೈಲ್ವೆಯ ಹಳೆ ಡೈರಿಯಲ್ಲಿ ಬರೆದರು. 400 ಗ್ರಾಂ ಹಿಟ್ಟಿನಿಂದ ಸುಮಾರು 600 ಗ್ರಾಂ ಬ್ರೆಡ್ಡು. ಹಿಟ್ಟು, ಯೀಸ್ಟು, ಎಣ್ಣೆ, ಹಾಲು, ಅರ್ಧ ಯೂನಿಟ್‌ನಷ್ಟು ಕರೆಂಟು ಎಲ್ಲ ಸೇರಿ 35 ರೂಪಾಯಿ. ಅಷ್ಟೇ ಬ್ರೆಡ್ಡು ಅವರ ಅಂಗಡಿಯಲ್ಲಿ 60 ರೂಪಾಯಿ. ಒಂದಕ್ಕೆ 25 ಉಳಿಯಿತು. ಯಂತ್ರಕ್ಕೆ 12,000 ಎಂದಿಟ್ಟುಕೊಂಡರೆ ದುಡ್ಡು ಮರಳಲು 480 ಬ್ರೆಡ್ಡು ಮಾಡಬೇಕು. ವಾರಕ್ಕೆ ಮೂರರಂತೆ ಮೂರು ವರ್ಷದ ಮೇಲಾಯಿತು. ವಾರಕ್ಕೊಂದೇ ಮಾಡುವ ಮನೆಗೆ ಒಂಬತ್ತು ವರ್ಷ! ಅಷ್ಟರಲ್ಲಿ ನಾದುವ ರೆಕ್ಕೆ ಸವೆದಿರುತ್ತದೆ, ಅದು ಸಿಗುವುದೂ ಅನುಮಾನ.

ಹೀಗಾಗಿ ಮುಂಬಯಿಯಲ್ಲಿರುವ ನಿಮಗೆ ನನ್ನ ಮಾತು ಇಷ್ಟೇ. ಬೆಳಗ್ಗೆ ಆರಕ್ಕೆ ಬಿಸಿ ಪಾವು ಸಿಗುವ ಓಣಿಯಲ್ಲಿದ್ದು, ಮನೆಯಲ್ಲಿ ಪಥ್ಯದವರಿಲ್ಲದಿದ್ದರೆ ತೆಗೆದುಕೊಳ್ಳಬೇಡಿ. ಆ ಓಣಿಯ ಬೇಕರಿಗಳೇ ಈಗ ಕಷ್ಟದಲ್ಲಿವೆ. ಹೊಗೆಯ ಕಾರಣಕ್ಕೆ ಕಟ್ಟಿಗೆ, ಇದ್ದಿಲಿನ ಭಟ್ಟಿಗಳನ್ನು ಆರು ತಿಂಗಳೊಳಗೆ ಗ್ಯಾಸು ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಿಸಬೇಕೆಂದು 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಆದೇಶಿಸಿತು. ಊರಿನ ಗಾಳಿ ಶುದ್ಧವಾಗಬೇಕು, ಒಪ್ಪೋಣ. ಆದರೆ ಭಟ್ಟಿ ಬದಲಿಸುವ ಖರ್ಚು ಸಣ್ಣ ಬೇಕರಿಯವನ ತಲೆ ಮೇಲೆ ಬಿದ್ದಿರುವಾಗ ನಾವೂ ಪಾವು ಕೊಳ್ಳುವುದು ಬಿಟ್ಟರೆ ಹೇಗೆ?

ಕಾಕುವಿನ ವಿಷಯ ಬೇರೆ. ಹನ್ನೊಂದನೆಯ ದಿನ ಅವರೇ ಯಂತ್ರದಲ್ಲಿ 'ಹಿಟ್ಟು ಮಾತ್ರ' ಎಂಬ ಗುಂಡಿ ಕಂಡುಹಿಡಿದರು. ನಾದಿ ಬಿಡುತ್ತದೆ, ಸುಡುವುದಿಲ್ಲ. ಚಪಾತಿ ಹಿಟ್ಟು ಹಾಕಿ ಒತ್ತಿದರು. ಪಾತ್ರೆಯಲ್ಲಿ ಉಂಡೆ ತಿರುಗುವುದನ್ನು ನೋಡುತ್ತ, ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಸುಮ್ಮನೆ ನಿಂತರು. ಎಷ್ಟೋ ದಿನದ ಮೇಲೆ ಆ ರಾತ್ರಿ ಮನೆಯಲ್ಲಿ ಚಪಾತಿ ಆಯಿತು.

ಮರುದಿನ ಮಗನ ಫೋನು ಬಂದಾಗ ಕಾಕು ಹೂಂ ಅಂದರು, ಅಲ್ಲಿಂದ ಕಳಿಸುವುದು ಬೇಡ ಎಂದೂ ಹೇಳಿದರು. ಅಮೆರಿಕದ ಯಂತ್ರ 120 ವೋಲ್ಟಿನದು, ನಮ್ಮ 230ಕ್ಕೆ ನೇರ ಹಚ್ಚಿದರೆ ಸುಟ್ಟುಹೋಗುತ್ತದೆ. ನಿಮ್ಮ ಮಕ್ಕಳೂ ಹೊರದೇಶದಲ್ಲಿದ್ದರೆ ಇದನ್ನು ಮರೆಯಬೇಡಿ. ಪುಣೆಯಲ್ಲೇ ಚಿಕ್ಕ ಅಳತೆಯದು ನೋಡುವುದೆಂದಾಯಿತು. ಕಾಕಾರ ಸಪ್ಪೆ ಬ್ರೆಡ್ಡು ಮಂಗಳವಾರ, ಶುಕ್ರವಾರ. ಉಳಿದ ದಿನ ಯಂತ್ರಕ್ಕೆ ಚಪಾತಿಯ ಕೆಲಸ.

ನಾನು ಹೊರಡುವ ಬೆಳಗ್ಗೆ ಮಳೆ ಬಿಟ್ಟಿತ್ತು. ಸೈಕಲ್ಲಿನ ಗಂಟೆ ಕೇಳಿಸಿತು. "ಅರ್ಧ ಡಜನ್ ತಗೋ, ಗಾಡ್ಯಾಗ ತಿನ್ನಾಕ ಆಗ್ತದ," ಎಂದು ಕಾಕು ಒಳಗಿನಿಂದಲೇ ಕೂಗಿದರು.